ಒಂದು ಸ್ಟಾರ್ ಮತ್ತು ಬಿಸಿನೀರು

ಹೋಟೆಲಿನವರು, ಬ್ಯೂಟಿಪಾರ್ಲರಿನವರು, ಟ್ಯೂಷನ್ ನಡೆಸುವವರು ಈಚೆಗೆ ಆಪ್ತಸಲಹೆಗೆಂದು ನನ್ನ ಬಳಿ ಒಂದೇ ದೂರು ಹೊತ್ತು ಬರುತ್ತಾರೆ: ನಿದ್ದೆಯಿಲ್ಲ. ಕೆದಕಿದರೆ ಅಡಿಯಲ್ಲೊಂದು ಗೂಗಲ್ ರಿವ್ಯೂ. ಅಂಥ ಒಬ್ಬರ ಪ್ರಕರಣವಿದು, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಮಲೆನಾಡಿನಲ್ಲಿ ಹೋಮ್‌ಸ್ಟೇ ನಡೆಸುವವರು. ಒಂದು ಸ್ಟಾರ್ ಕೊಟ್ಟ ಅತಿಥಿಗೆ ಸಿಟ್ಟಿನಲ್ಲಿ ಉತ್ತರ ಬರೆದರು, ಅದರ ಸ್ಕ್ರೀನ್‌ಶಾಟ್ ಊರೆಲ್ಲ ಸುತ್ತಿತು. ‘ಐದು ಸ್ಟಾರಿನ ರಿವ್ಯೂ ನಾನು ಹಾಕಿಸ್ತೀನಿ’ ಎಂದು ಅಳಿಯ ಹೊರಟಿದ್ದ.

ರಿವ್ಯೂವನ್ನು ಗಟ್ಟಿಯಾಗಿ ಓದಿ ಎಂದೆ. ‘ಮಾಲೀಕರಿಗೆ ಮರ್ಯಾದೆ ಗೊತ್ತಿಲ್ಲ’ ಎಂಬಲ್ಲಿ ದನಿ ಏರಿತು.

“ಬಂದವರನ್ನ ಉಣ್ಣಿಸದೆ ಕಳಿಸಿದ ಮನೆಯಲ್ಲ ಮೇಡಂ ನಮ್ದು.”

“ಅದಿರಲಿ. ಬಿಸಿನೀರು ಬರಲಿಲ್ಲ ಅಂತಲೂ ಬರೆದಿದ್ದಾರಲ್ಲ, ಬಂದಿತ್ತಾ?”

ಫೋನಿನ ಗಾಜನ್ನು ಅಂಗಿಯ ತುದಿಯಿಂದ ಒರೆಸುತ್ತ ಕೂತರು.

“ಎಲ್ಲಿ ಬರುತ್ತೆ? ಆಷಾಢದ ಮಳೆ, ಇರೋದು ಸೋಲಾರ್. ಗೀಸರ್ ಹಾಕೋಣ ಅಂದ್ರೆ ಕರೆಂಟಿಲ್ಲ.”

“ಇದನ್ನೇ ಬರೆಯಬಹುದಿತ್ತಲ್ಲ?”

“ಬರೆದ್ರೆ ತಪ್ಪು ಒಪ್ಪಿಕೊಂಡ ಹಾಗಾಗಲ್ವಾ?”

ಆಗುತ್ತದೆ, ಆಗಲಿ ಎಂದೆ. ಮೊದಲು ನೀರಿನ ವ್ಯವಸ್ಥೆ, ಆಮೇಲೆ ಉತ್ತರ. ಅದರಲ್ಲೂ ಏನಾಯಿತು, ಏನು ಸರಿಮಾಡಿದಿರಿ ಎಂಬಷ್ಟೇ. ಮರ್ಯಾದೆಯ ಮಾತಿಗೆ ಉತ್ತರ ಬೇಡ. ಅಳಿಯನ ಉಪಾಯವಂತೂ ಬೇಡವೇ ಬೇಡ. ಖೋಟಾ ರಿವ್ಯೂಗಳ ಹಾವಳಿ ತಡೆಯಲು ಸರಕುಗಳ ಗುಣಮಟ್ಟ ನಿಗದಿಮಾಡುವ ಕೇಂದ್ರದ ಸಂಸ್ಥೆ ಬಿಐಎಸ್ 2022ರಲ್ಲಿ ಮಾನದಂಡವನ್ನೇ ತರಬೇಕಾಯಿತು.

ಇದು ವ್ಯಾಪಾರದ ಸಲಹೆ, ಆಪ್ತಸಲಹೆಯಲ್ಲ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ನಲ್ಲಿಯಲ್ಲಿ ತಣ್ಣೀರೇ ಬರುತ್ತಿರುವಾಗ ಉಸಿರಾಟದ ವ್ಯಾಯಾಮ ಹೇಳಿಕೊಟ್ಟು ಕಳಿಸಿದರೆ, ಮುಂದಿನ ಮಳೆಗಾಲಕ್ಕೆ ಅವರು ಮತ್ತೆ ನನ್ನೆದುರು ಕೂತಿರುತ್ತಾರೆ. ಅಮೆರಿಕದ ಡಾಮಿನೋಸ್ 2009ರ ಕೊನೆಯಲ್ಲಿ, ತನ್ನ ಪಿಜ್ಜಾ ರಟ್ಟಿನಂತಿದೆ ಎಂಬ ಗ್ರಾಹಕರ ಬೈಗುಳವನ್ನೇ ಜಾಹೀರಾತಿನಲ್ಲಿ ತೋರಿಸಿ ಮೆಚ್ಚುಗೆ ಗಳಿಸಿತು. ಆ ಎದೆಗಾರಿಕೆಯನ್ನು ಹೊಗಳುವವರು ಆ ಕಂಪನಿ ಪಿಜ್ಜಾದ ಹಿಟ್ಟು, ಸಾಸು, ಚೀಸು ಮೂರನ್ನೂ ಬದಲಿಸಿತ್ತೆಂಬುದನ್ನು ಮರೆಯುತ್ತಾರೆ. ಕ್ಷಮೆಯ ಪೋಸ್ಟ್ ಮಾತ್ರ ಹಾಕಿದ್ದರೆ ಇನ್ನಷ್ಟು ಬೈಸಿಕೊಳ್ಳುತ್ತಿತ್ತು.

ನಮ್ಮ ಹೋಮ್‌ಸ್ಟೇಯವರು ಮೂಲೆ ಸೇರಿದ್ದ ತಾಮ್ರದ ಹಂಡೆ ತೊಳೆಸಿ, ಬಚ್ಚಲೊಲೆ ಮತ್ತೆ ಹೊತ್ತಿಸಿದರು. ಹಳೆಯ ಜಗಳದ ಉತ್ತರ ಅಳಿಸಿ, ಹೊಸದಾಗಿ ನಾಲ್ಕು ಸಾಲು ಬರೆದರು. ಈಗ ಬರುವವರು ಹೊಗೆಯ ವಾಸನೆಯ ಬಿಸಿನೀರಿನ ಸ್ನಾನಕ್ಕೇ ರೀಲ್ಸ್ ಮಾಡುತ್ತಾರಂತೆ. ಒಂದು ಸ್ಟಾರ್ ಹಾಗೇ ಇದೆ. ರಾತ್ರಿ ಹತ್ತರ ನಂತರ ಫೋನ್ ಹೆಂಡತಿಯ ಹತ್ತಿರ. ಹೊಗಳಿಕೆ ಎಣಿಸುವುದಕ್ಕೂ ನಿದ್ದೆಗೆಡುವ ಸ್ವಭಾವ ಅವರದು, ಹಾಗಾಗಿ ಆ ಏರ್ಪಾಡು ಮುಂದುವರಿಯಲಿ ಎಂದಿದ್ದೇನೆ.