ಒಂದು ಎಂಜಿನ್ ನಿಂತಾಗ

ಪ್ರಶ್ನೆ: ನನ್ನ ಮಗಳು ಪೈಲಟ್ ತರಬೇತಿಯಲ್ಲಿದ್ದಾಳೆ. ಮುಂದಿನ ತಿಂಗಳಿಂದ ಎರಡು ಎಂಜಿನ್ ಇರುವ ಸೆನೆಕಾ ವಿಮಾನ ಹಾರಿಸುತ್ತಾಳಂತೆ. ಒಂದು ಎಂಜಿನ್ ಕೈಕೊಟ್ಟರೂ ಇನ್ನೊಂದು ಇರುತ್ತದೆ, ಭಯವಿಲ್ಲ ಅಲ್ವಾ?
– ಓದುಗರೊಬ್ಬರು, ತುಮಕೂರು

ಉತ್ತರ: ಎತ್ತರದಲ್ಲಿ ಹಾರುವಾಗ ನಿಮ್ಮ ಮಾತು ಬಹುಮಟ್ಟಿಗೆ ಸರಿ. ಟೇಕಾಫ್ ಆದ ಮೊದಲ ಅರ್ಧ ನಿಮಿಷದಲ್ಲಿ ಹಾಗಲ್ಲ. ವರ್ಷಗಟ್ಟಲೆ ಇದನ್ನೇ ಕಲಿಸಿದವನು ನಾನು, ಬಿಡಿಸಿ ಹೇಳುತ್ತೇನೆ.

ಒಂದು ಎಂಜಿನ್ ಹೋದರೆ ಶಕ್ತಿ ಅರ್ಧ ಹೋಯಿತು. ಮೇಲೇರುವ ತಾಕತ್ತು ಮಾತ್ರ ಐದರಲ್ಲಿ ನಾಲ್ಕು ಪಾಲು ಹೋಗುತ್ತದೆ. ವಿಮಾನ ಕೆಳಗಿಳಿಯದಂತೆ ಹಿಡಿದಿಡುವುದಕ್ಕೇ ಜಾಸ್ತಿ ಶಕ್ತಿ ಬೇಕು, ಮಿಕ್ಕಿದ್ದರಲ್ಲಿ ಏರಬೇಕು. ಸೆನೆಕಾ-2 ಎರಡೂ ಎಂಜಿನ್ ಇದ್ದಾಗ ನಿಮಿಷಕ್ಕೆ ಸುಮಾರು 1,300 ಅಡಿ ಏರುತ್ತದೆ. ಒಂದರಲ್ಲಿ ಸುಮಾರು 225 ಅಡಿ. ಅದೂ ಸಮುದ್ರ ಮಟ್ಟದಲ್ಲಿ, ಚಕ್ರ ಮಡಚಿ, ನಿಂತ ಪ್ರೊಪೆಲರನ್ನು ಫೆದರ್ ಮಾಡಿ, ಅಂದರೆ ಅಲಗುಗಳ ಅಂಚನ್ನು ಗಾಳಿಗೆ ಕೊಟ್ಟ ಮೇಲೆ. ಸುಮಾರು 3,000 ಅಡಿ ಎತ್ತರದಲ್ಲಿರುವ ಬೆಂಗಳೂರಿನ ಜಕ್ಕೂರು ವಿಮಾನ ತಾಣದಲ್ಲಿ, ಏಪ್ರಿಲ್ ಮಧ್ಯಾಹ್ನ, ಇನ್ನೂ ಕಡಿಮೆ.

ಒಬ್ಬ ಹುಡುಗ ನೆನಪಾಗುತ್ತಾನೆ. ಸಾಕಷ್ಟು ಎತ್ತರಕ್ಕೆ ಹೋದ ಮೇಲೆ, ಅವನಿಗೆ ಕಾಣದಂತೆ ನಕ್ಷೆ ಅಡ್ಡ ಹಿಡಿದು, ಎಡಗಡೆ ಎಂಜಿನ್ನಿನ ಥ್ರಾಟಲ್, ಅಂದರೆ ಶಕ್ತಿ ಏರಿಸಿ ಇಳಿಸುವ ಹಿಡಿ, ಮೆಲ್ಲಗೆ ಹಿಂದೆಳೆದೆ. ಮೂಗು ಎಡಕ್ಕೆ ತಿರುಗಿತು. ಹುಡುಗ ಬಲಗಾಲಲ್ಲಿ ರಡರ್, ಅಂದರೆ ಮೂಗನ್ನು ಎಡಬಲಕ್ಕೆ ತಿರುಗಿಸುವ ಬಾಲದ ಪಟ್ಟಿಯ ಪೆಡಲ್, ತುಳಿದ, ಸರಿಯಾಗಿಯೇ. ಮೊಣಕಾಲು ನಡುಗುತ್ತಿತ್ತು. ಆದರೆ ಕೈ ಹೋದದ್ದು ಓಡುತ್ತಿದ್ದ ಬಲಗಡೆ ಎಂಜಿನ್ನಿನ ಲಿವರ್‌ಗೆ! ಮಣಿಕಟ್ಟು ಹಿಡಿದು ಕೇಳಿದೆ: “ಯಾವ ಕಾಲು ಸುಮ್ನಿದೆ?” “ಎಡಗಾಲು, ಸರ್.” ಸುಮ್ಮನಿರುವ ಕಾಲಿನ ಕಡೆಯದೇ ಸತ್ತ ಎಂಜಿನ್. ಆಮೇಲೂ ಅವಸರ ಬೇಡ. ಆ ಕಡೆಯ ಥ್ರಾಟಲ್ ಹಿಂದೆಳೆದು ನೋಡಬೇಕು. ಏನೂ ಬದಲಾಗದಿದ್ದರೆ ಅದೇ. ಫೆದರ್ ಮಾಡುವುದು ಆಗ. 2015ರಲ್ಲಿ ತೈಪೆಯಲ್ಲಿ ಟ್ರಾನ್ಸ್ ಏಷ್ಯಾ ಕಂಪನಿಯ ಎರಡು ಎಂಜಿನ್ನಿನ ಎಟಿಆರ್ ವಿಮಾನ ಬಿದ್ದು 43 ಜನ ಸತ್ತರು. ಕೆಟ್ಟದ್ದು ಬಲಗಡೆ ಎಂಜಿನ್. ಪೈಲಟ್ ಹಿಂದೆಳೆದದ್ದು ಎಡಗಡೆಯದನ್ನು.

ಹಾಗಾಗಿ ನಿರ್ಧಾರ ನೆಲದ ಮೇಲೇ ಆಗಿರಬೇಕು. ನನ್ನ ವಿದ್ಯಾರ್ಥಿಗಳು ಥ್ರಾಟಲ್ ಕೊಡುವ ಮುಂಚೆ ಬಾಯಿಬಿಟ್ಟು ಹೇಳಲೇಬೇಕಿತ್ತು: “ನೆಲ ಬಿಡುವ ಮೊದಲು ಕೆಟ್ಟರೆ ಎರಡೂ ಥ್ರಾಟಲ್ ಮುಚ್ಚಿ ನಿಲ್ಲಿಸುತ್ತೇನೆ. ಮೇಲೆದ್ದ ಮೇಲೂ ಮುಂದೆ ರನ್‌ವೇ ಇದ್ದರೆ ಅಲ್ಲೇ ಇಳಿಸುತ್ತೇನೆ. ಚಕ್ರ ಮಡಚಿ, ನೀಲಿ ಗೆರೆಯ ವೇಗ ಇದ್ದು, ವಿಮಾನ ಏರುತ್ತಿದ್ದರೆ ಮಾತ್ರ ಮುಂದೆ ಹೋಗುತ್ತೇನೆ.” ವೇಗಸೂಚಿಯ ಮೇಲಿನ ಆ ನೀಲಿ ಗೆರೆ, ಅಂದರೆ ಒಂದೇ ಎಂಜಿನ್ನಿನಲ್ಲಿ ಅತಿ ಚೆನ್ನಾಗಿ ಏರುವ ವೇಗ, ಸೆನೆಕಾ-2ರಲ್ಲಿ 89 ನಾಟ್. ಕೆಂಪು ಗೆರೆ 66. ಅದಕ್ಕಿಂತ ಕೆಳಗೆ ರಡರ್‌ಗೆ ಹಿಡಿತ ಸಾಲದು, ಓಡುತ್ತಿರುವ ಎಂಜಿನ್ನೇ ವಿಮಾನವನ್ನು ಮಗುಚಿ ಹಾಕುತ್ತದೆ.

ಏರದಿದ್ದರೆ? ಒಳ್ಳೆಯ ಎಂಜಿನ್ನಿನ ಶಕ್ತಿಯನ್ನೂ ಇಳಿಸಿ, ರೆಕ್ಕೆ ಸಮವಾಗಿಟ್ಟು, ಎದುರಿಗೆ ಸಿಕ್ಕ ಹೊಲದಲ್ಲಿ ಇಳಿಯಬೇಕು. ನಾನು ಕಲಿಸಿದ್ದರಲ್ಲಿ ಅತಿ ಕಷ್ಟದ ಪಾಠ ಇದು. ಓಡುತ್ತಿರುವ ಎಂಜಿನ್ ಮುಚ್ಚಲು ಯಾರಿಗೂ ಕೈ ಬರುವುದಿಲ್ಲ.

ಮಗಳು ರಜೆಗೆ ಬಂದಾಗ ಆ ಮೂರು ಮಾತು ಹೇಳಿಸಿ ಕೇಳಿ. ತಡವರಿಸಿದರೆ ಇನ್ನೊಮ್ಮೆ ಹೇಳಿಸಿ.