ಎಂಡೋಸ್ಕೋಪಿ ಇಲ್ಲದೆ ಮಗುವಿನ ಎಚ್. ಪೈಲೋರಿ ಪತ್ತೆ ಮಾಡಬಹುದಾ?

ಏಳು ವರ್ಷದ ಮಗಳಿಗೆ ಆಗಾಗ ಹೊಟ್ಟೆನೋವು, ರಕ್ತ ಪರೀಕ್ಷೆಯಲ್ಲಿ ಎಚ್. ಪೈಲೋರಿ (ಹೊಟ್ಟೆಯಲ್ಲಿ ಸೇರಿಕೊಳ್ಳುವ ಒಂದು ಬ್ಯಾಕ್ಟೀರಿಯಾ) ಪಾಸಿಟಿವ್ ಬಂದಿದೆ, ಎಂಡೋಸ್ಕೋಪಿ (ಬಾಯಿಯಿಂದ ಹೊಟ್ಟೆಗೆ ಕ್ಯಾಮೆರಾ ಇರುವ ನಳಿಕೆ ಇಳಿಸಿ ನೋಡುವುದು) ಮಾಡಿಸಲು ಭಯ ಅಂತ ಬರೆದಿದ್ದೀರಿ. ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ಮಕ್ಕಳಿಗೆ ಇವೇ ಟೆಸ್ಟ್ ಮಾಡುತ್ತೇನೆ. ನಿಮ್ಮ ಭಯ ನನಗೆ ಅರ್ಥವಾಗುತ್ತದೆ.

ಮೊದಲು ಆ ರಕ್ತದ ರಿಪೋರ್ಟ್ ಪಕ್ಕಕ್ಕಿಡಿ. ಬ್ಯಾಕ್ಟೀರಿಯಾ ಹೋಗಿ ಎಷ್ಟೋ ತಿಂಗಳಾದರೂ ರಕ್ತದಲ್ಲಿ ಅದರ ಗುರುತು ಉಳಿದಿರುತ್ತದೆ. ಈಗ ಸೋಂಕು ಇದೆಯಾ ಅಂತ ಅದರಿಂದ ಗೊತ್ತಾಗುವುದಿಲ್ಲ. ಅದನ್ನು ನಂಬಿ ಆಂಟಿಬಯೋಟಿಕ್ ಕೊಡಿಸಬೇಡಿ.

ಈಗಿನ ಸೋಂಕನ್ನು ತೋರಿಸುವ ಸುಲಭ ಟೆಸ್ಟ್ ಎರಡಿವೆ. ಒಂದು ಮೋಷನ್ ಟೆಸ್ಟ್, ಅಂದರೆ ಮಲದಲ್ಲಿ ಬ್ಯಾಕ್ಟೀರಿಯಾದ ಆಂಟಿಜೆನ್ (ಅದರದೇ ಪ್ರೋಟೀನ್ ಅಂಶ) ಹುಡುಕುವುದು. ಸ್ವಲ್ಪ ಮಲ ಸಾಕು, ಪುಟ್ಟ ಮಕ್ಕಳಿಗೂ ಆಗುತ್ತದೆ. ಇನ್ನೊಂದು ಉಸಿರಿನ ಟೆಸ್ಟ್. ಖಾಲಿ ಹೊಟ್ಟೆಯಲ್ಲಿ ಮಗು ಒಮ್ಮೆ ಚೀಲಕ್ಕೆ ಊದುತ್ತದೆ. ಆಮೇಲೆ ಕಾರ್ಬನ್-13 ಇರುವ ಯೂರಿಯಾ ಕುಡಿಸಿ, ಸುಮಾರು ಅರ್ಧ ಗಂಟೆ ಬಿಟ್ಟು ಮತ್ತೆ ಊದಿಸುತ್ತೇವೆ. ಹೊಟ್ಟೆಯಲ್ಲಿ ಎಚ್. ಪೈಲೋರಿ ಇದ್ದರೆ ಅದು ಯೂರಿಯಾ ಒಡೆಯುತ್ತದೆ, ಆ ಕಾರ್ಬನ್ ಉಸಿರಿನಲ್ಲಿ ಹೊರಬರುತ್ತದೆ. ಕಾರ್ಬನ್-13ರಲ್ಲಿ ವಿಕಿರಣ ಇಲ್ಲ. ಕಾರ್ಬನ್-14ರಲ್ಲಿ ಸ್ವಲ್ಪ ಇರುತ್ತದೆ, ಹಾಗಾಗಿ ಯಾವುದನ್ನು ಬಳಸುತ್ತಾರೆ ಅಂತ ಕೇಳಿಕೊಳ್ಳಿ. ಯೂರಿಯಾ ನೀರನ್ನು ಬಾಯಲ್ಲೇ ಇಟ್ಟುಕೊಂಡು ಗುಳುಗುಳು ಆಡಿಸುವ ಮಕ್ಕಳೇ ಜಾಸ್ತಿ. ಬಾಯಿಯ ಬ್ಯಾಕ್ಟೀರಿಯಾ ಅದನ್ನು ಒಡೆದರೆ ಸುಮ್ನೆ ಪಾಸಿಟಿವ್ ಬಂದುಬಿಡುತ್ತದೆ! ಅದಕ್ಕೇ ಸ್ಟ್ರಾ ಕೊಡುತ್ತೇವೆ, ಬಾಯಿ ಮುಕ್ಕಳಿಸಲು ಹೇಳುತ್ತೇವೆ. ಆರು ವರ್ಷದೊಳಗಿನವರಲ್ಲಿ ಇದು ಅಷ್ಟು ನಿಖರವಲ್ಲ.

ಎರಡಕ್ಕೂ ಮುಂಚೆ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ತರಹದ ಗ್ಯಾಸ್ಟ್ರಿಕ್ ಮಾತ್ರೆ 2 ವಾರ, ಆಂಟಿಬಯೋಟಿಕ್ 4 ವಾರ ತೆಗೆದುಕೊಂಡಿರಬಾರದು. ಇಲ್ಲದಿದ್ದರೆ ಸೋಂಕಿದ್ದರೂ ನೆಗೆಟಿವ್ ಬರಬಹುದು. ನಿಲ್ಲಿಸುವ ಮುಂಚೆ ಡಾಕ್ಟರನ್ನು ಕೇಳಿ.

ಆದರೆ ಇನ್ನೊಂದು ಮಾತು ಹೇಳಲೇಬೇಕು. ಯುರೋಪ್ ಮತ್ತು ಉತ್ತರ ಅಮೆರಿಕದ ಮಕ್ಕಳ ಜಠರ ತಜ್ಞರ ಸಂಘಗಳ 2017ರ ಮಾರ್ಗಸೂಚಿ ಪ್ರಕಾರ, ಮಕ್ಕಳಲ್ಲಿ ಈ ಟೆಸ್ಟ್‌ಗಳ ಮುಖ್ಯ ಉಪಯೋಗ ಔಷಧಿ ಮುಗಿದು ಕನಿಷ್ಠ 4 ವಾರದ ಮೇಲೆ ಸೋಂಕು ಹೋಯಿತಾ ಅಂತ ನೋಡುವುದು. ಮೊದಲ ಸಲ ಪತ್ತೆ ಮಾಡಲು ಎಂಡೋಸ್ಕೋಪಿಯೇ ಬೇಕು ಅನ್ನುತ್ತಾರೆ. ಯಾಕಂದ್ರೆ ಮಕ್ಕಳ ಹೊಟ್ಟೆನೋವಿಗೆ ಎಷ್ಟೋ ಸಲ ಈ ಬ್ಯಾಕ್ಟೀರಿಯಾ ಕಾರಣವೇ ಅಲ್ಲ. ಹುಣ್ಣು ಇದೆಯಾ ಅನ್ನುವುದು ಎಂಡೋಸ್ಕೋಪಿಯಲ್ಲಿ ಕಾಣುತ್ತದೆ, ಯಾವ ಆಂಟಿಬಯೋಟಿಕ್ ನಾಟುತ್ತದೆ ಅನ್ನುವುದು ಆಗಲೇ ಹೊಟ್ಟೆಯೊಳಗಿನ ಚೂರು ತೆಗೆದು ಪರೀಕ್ಷಿಸಿದರೆ ತಿಳಿಯುತ್ತದೆ.

ತೂಕ ಇಳಿಯುತ್ತಿದೆಯಾ? ನೋವಿಗೆ ರಾತ್ರಿ ಎಚ್ಚರ ಆಗುತ್ತದಾ? ವಾಂತಿಯಲ್ಲಿ ರಕ್ತ, ಕಪ್ಪು ಮಲ ಇದೆಯಾ? ಕಬ್ಬಿಣದ ಸಿರಪ್ ಕೊಟ್ಟರೂ ರಕ್ತಹೀನತೆ ಹೋಗುತ್ತಿಲ್ಲವಾ? ಇವುಗಳಲ್ಲಿ ಒಂದಿದ್ದರೂ ಮಕ್ಕಳ ಜಠರ ತಜ್ಞರ ಹತ್ತಿರ ತಡಮಾಡದೆ ಹೋಗಿ. ಎಂಡೋಸ್ಕೋಪಿ ಬೇಕು ಅಂದರೂ ಹೆದರಬೇಡಿ. ಮಗುವಿಗೆ ನಿದ್ದೆ ಬರಿಸಿಯೇ ಮಾಡುತ್ತಾರೆ, ಸಾಮಾನ್ಯವಾಗಿ ಅವತ್ತೇ ಮನೆಗೆ ಕಳಿಸುತ್ತಾರೆ.