ಅಂಟಿಸಿದ್ದನ್ನು ಬರಹದಲ್ಲಿ ಮುಚ್ಚಬೇಡಿ

ಪ್ರಿಯ ಲೇಖಕಿಯವರಿಗೆ,

ನಮಸ್ಕಾರ. ಮಂಡ್ಯದಿಂದ ನೀವು ಕಳುಹಿಸಿದ ‘ಅಮೂರ್ತದೊಳಗೆ ನಾನು’ ಎಂಬ ಲೇಖನವನ್ನು ಗಮನವಿಟ್ಟು ಓದಿದೆ. ಮೈಸೂರಿನಲ್ಲಿ ಚಿತ್ರಕಲೆ ಕಲಿತು ಊರಿಗೆ ಮರಳಿದ ನೀವು, ಕಬ್ಬು ಬೆಳೆಯುವ ಮನೆಯ ಮಗಳೂ ಕಲಾವಿದೆಯೂ ಆಗಿ ನಿಮ್ಮನ್ನು ನೀವು ಅರಿಯಲು ರಚಿಸಿದ, ಬಣ್ಣದೊಂದಿಗೆ ಬೇರೆ ವಸ್ತುಗಳನ್ನೂ ಬಳಸುವ ಮಿಶ್ರ ಮಾಧ್ಯಮದ ಅಮೂರ್ತ ಕೃತಿಯೊಂದರ ಬಗೆಗೆ ಬರೆದಿದ್ದೀರಿ. ವಿಷಯ ಗಟ್ಟಿಯಾಗಿದೆ. ಆದರೆ ಈಗಿರುವ ರೂಪದಲ್ಲಿ ಲೇಖನವನ್ನು ಪ್ರಕಟಿಸಲಾರೆವು. ಅದರ ಕಾರಣವನ್ನು ಬಿಚ್ಚಿ ಹೇಳುವುದು ನಿಮ್ಮ ಶ್ರಮಕ್ಕೆ ಸಲ್ಲಬೇಕಾದ ಮರ್ಯಾದೆಯೆಂದು ಭಾವಿಸಿದ್ದೇನೆ.

ಮೊದಲ ಮೂರು ಪುಟಗಳಲ್ಲಿ ‘ಛಿದ್ರಗೊಂಡ ಅಸ್ಮಿತೆ’, ‘ಆತ್ಮದ ಅನಾವರಣ’ ಮುಂತಾದ ಮಾತುಗಳೇ ತುಂಬಿವೆ. ಯಾರ ಯಾವ ಕೃತಿಗೂ ಹೊಂದಿಬಿಡುವ ಮಾತುಗಳಿವು. ನಾಲ್ಕನೆಯ ಪುಟದಲ್ಲಿ, ಬಾಯಿತಪ್ಪಿ ಬಂದಂತೆ, ಒಂದು ವಾಕ್ಯವಿದೆ: ತಂದೆಯವರ ಹೆಸರಿನ ಕಬ್ಬಿನ ತೂಕದ ಚೀಟಿಗಳನ್ನು ಹಲಗೆಗೆ ಅಂಟಿಸಿ, ಬಿಳಿ ಬಣ್ಣ ಬಳಿದು, ಟನ್ನಿನ ಲೆಕ್ಕವನ್ನು ಮುಚ್ಚಿ ಹೆಸರನ್ನಷ್ಟೇ ಕಾಣುವಂತೆ ಉಳಿಸಿದಿರಿ ಎಂದು. ಲೇಖನ ಆರಂಭವಾಗಬೇಕಾದದ್ದು ಅಲ್ಲಿಂದ. ಲೆಕ್ಕವನ್ನು ಏಕೆ ಮುಚ್ಚಿದಿರಿ? ಹೆಸರಿನ ಹತ್ತಿರ ಬಂದಾಗ ಕುಂಚವನ್ನು ಎಲ್ಲಿ ನಿಲ್ಲಿಸಿದಿರಿ? ಅಜ್ಜಿಯ ಸೀರೆಯ ಅಂಚನ್ನು ಅಂಟಿಸುವಾಗ ಗೋಂದು ನೇಯ್ಗೆಯೊಳಗೆ ಇಳಿದು, ಕೆಂಪು ಬಣ್ಣ ಬಿಟ್ಟು ಚೀಟಿಯ ಮೇಲೆ ಹರಡಿತೆಂದು ಬರೆದವರು, ಮರುವಾಕ್ಯದಲ್ಲೇ ‘ಕಾಲದ ಹರಿವು’ ಎಂದು ತತ್ತ್ವದತ್ತ ಜಾರಿದ್ದೀರಿ. ಆ ಕೆಂಪನ್ನು ಒರೆಸಿದಿರೋ, ಹಾಗೆಯೇ ಒಣಗಲು ಬಿಟ್ಟಿರೋ? ಆಕೃತಿಯೇ ಇಲ್ಲದ ಚಿತ್ರದಲ್ಲಿ ಗದ್ದೆಯನ್ನೋ ಮುಖವನ್ನೋ ತೋರಿಸಿ ‘ಇದು ನಾನು’ ಎನ್ನುವಂತಿಲ್ಲ. ಯಾವುದನ್ನು ಆರಿಸಿದಿರಿ, ಯಾವುದರ ಮೇಲೆ ಯಾವುದನ್ನು ಇಟ್ಟಿರಿ, ಎಷ್ಟನ್ನು ಮರೆಮಾಡಿದಿರಿ ಎಂಬುದರಲ್ಲೇ ನೀವು ಇರುತ್ತೀರಿ. ಅದನ್ನು ಬರೆಯದೆ ಉಳಿದದ್ದನ್ನೆಲ್ಲ ಬರೆದಿದ್ದೀರಿ.

ಚರಿತ್ರೆಯ ಭಾಗದಲ್ಲಿ ಒಂದು ತಪ್ಪಿದೆ. ಕಾಗದ, ಬಟ್ಟೆಯಂಥ ತುಣುಕುಗಳನ್ನು ಅಂಟಿಸಿ ಚಿತ್ರ ಮಾಡುವ ಕೊಲಾಜ್ ಮೊದಲ ಮಹಾಯುದ್ಧದ ನಂತರ ಹುಟ್ಟಿದ್ದಲ್ಲ. 1912ರಲ್ಲಿಯೇ ಸ್ಪೇನಿನ ಚಿತ್ರಕಾರ ಪಿಕಾಸೊ, ಬೆತ್ತದ ಹೆಣಿಗೆಯ ವಿನ್ಯಾಸ ಅಚ್ಚಾಗಿದ್ದ ಆಯಿಲ್‌ಕ್ಲಾತನ್ನು (ಎಣ್ಣೆ ಲೇಪದ ಬಟ್ಟೆಯನ್ನು) ಒಂದು ಚಿತ್ರಕ್ಕೆ ಅಂಟಿಸಿ, ಅಂಡಾಕಾರದ ಆ ಚಿತ್ರದ ಸುತ್ತ ಹಗ್ಗವನ್ನು ಚೌಕಟ್ಟಾಗಿ ಸುತ್ತಿದ್ದರು. ನಿಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದದ್ದು ಅಮೆರಿಕದ ಕಲಾವಿದ ರಾಬರ್ಟ್ ರೌಶೆನ್‌ಬರ್ಗ್ ಅವರ 1955ರ ‘ಬೆಡ್’: ದಿಂಬು, ಹಾಸುಬಟ್ಟೆ, ಚಿಂದಿ ಜೋಡಿಸಿ ಹೊಲಿದ ಕೌದಿಗಳ ಮೇಲೆ ಬಣ್ಣ ಸುರಿದು ಹಾಸಿಗೆಯನ್ನೇ ಗೋಡೆಗೆ ಏರಿಸಿದ ಕೃತಿ. ಮಿಶ್ರ ಮಾಧ್ಯಮ ನಮ್ಮ ನೆಲಕ್ಕೆ ಪೂರ್ತಿ ಹೊಸದೆಂಬ ಮಾತನ್ನೂ ದಯವಿಟ್ಟು ಮರುಪರಿಶೀಲಿಸಿ. ಜಗನ್ಮೋಹನ ಅರಮನೆಯ ಕಲಾ ಗ್ಯಾಲರಿಯಲ್ಲಿ ಮೈಸೂರು ಶೈಲಿಯ ಚಿತ್ರಗಳನ್ನು ನೀವು ನೋಡಿಯೇ ಇರುತ್ತೀರಿ. ಬಿಳಿ ಪುಡಿಗೆ ಅಂಟು ಬೆರೆಸಿದ ಲೇಪವಾದ ಗೆಸ್ಸೊವನ್ನು ತೆಳುವಾಗಿ ಉಬ್ಬಿಸಿ ಅದರ ಮೇಲೆ ಚಿನ್ನದ ರೇಕು ಕೂರಿಸುವ ಆ ಕೆಲಸ ಬಣ್ಣವೊಂದರಿಂದಲೇ ಆಗುವಂಥದ್ದಲ್ಲ. ಹಾಗೆಂದು ನಿಮ್ಮ ಕೃತಿಯನ್ನು ಆ ಪರಂಪರೆಗೆ ಬಲವಂತವಾಗಿ ಜೋಡಿಸಬೇಕಿಲ್ಲ. ಅಲ್ಲಿ ಚಿನ್ನವನ್ನು ದೇವರ ಒಡವೆಗಾಗಿ ಇಡುತ್ತಾರೆ. ನಿಮ್ಮ ಹಲಗೆಯ ಮೇಲಿನ ಚೀಟಿ ನಿಮ್ಮ ಮನೆಯ ಸಾಲ, ದುಡಿಮೆಗಳ ದಾಖಲೆ. ಈ ವ್ಯತ್ಯಾಸದ ಬಗೆಗೆ ನೀವೇ ಬರೆದರೆ ಓದಲು ಕಾದಿರುತ್ತೇನೆ.

ಮೊದಲ ಮೂರು ಪುಟಗಳನ್ನು ಕೈಬಿಟ್ಟು ಹೊಸದಾಗಿ ಬರೆಯಿರಿ. ಒಂದು ಮೂಲೆಗೆ ಬೆಲ್ಲದ ಪಾಕ ಬಳಿದಿರುವುದಾಗಿ ಹೇಳಿದ್ದೀರಿ. ಬೆಲ್ಲ ಗಾಳಿಯ ತೇವವನ್ನು ಹೀರುವುದರಿಂದ ಮಳೆಗಾಲದಲ್ಲಿ ಆ ಮೂಲೆ ಏನಾಯಿತೆಂಬುದೂ ಬರಲಿ. ಲೇಖನದೊಂದಿಗೆ ಕೃತಿಯ ಅಳತೆಯನ್ನೂ, ಚೀಟಿಯ ಭಾಗವನ್ನು ಹತ್ತಿರದಿಂದ ತೆಗೆದ ಫೋಟೊವನ್ನೂ ಕಳುಹಿಸಿ. ಫೋಟೊದಲ್ಲಿ ತಂದೆಯವರ ಹೆಸರು ಓದುವಂತಿದ್ದರೆ, ಅದನ್ನು ಪ್ರಕಟಿಸಲು ಅವರ ಒಪ್ಪಿಗೆಯನ್ನು ಮೊದಲು ಕೇಳಿಕೊಳ್ಳಿ.

ಇತಿ,
ಸಂಪಾದಕರು
ಮೈಸೂರು